ಹದಿನೆಂಟು ವರ್ಷ ಅಲ್ಲೇ ಇದ್ದೂ ನೋಡದ ಮರುಭೂಮಿ

ಜುಬೈಲ್‌ನಲ್ಲಿ 18 ವರ್ಷ ದುಡಿದ ನಮ್ಮವರು ಮರುಭೂಮಿಯನ್ನೇ ಸರಿಯಾಗಿ ನೋಡಿರಲಿಲ್ಲ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಕ್ಯಾಂಪ್, ಕಂಪೆನಿ ಬಸ್, ಸೈಟ್, ಮತ್ತೆ ಕ್ಯಾಂಪ್. ಶುಕ್ರವಾರ ಜುಮಾ, ಬಟ್ಟೆ ಒಗೆಯುವುದು, ಊರಿಗೆ ಫೋನ್. ನಮ್ಮ ಮದುವೆಗೂ ಅಷ್ಟೇ ವರ್ಷ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಒಟ್ಟು ಲೆಕ್ಕ ಹಾಕಿದರೆ ನಾವು ಒಟ್ಟಿಗೆ ಇದ್ದದ್ದು ಒಂದೂವರೆ ವರ್ಷ!

ಈ ಸಲ ವಿಸಿಟ್ ವೀಸಾ ಸಿಕ್ಕಿತು. ಮಕ್ಕಳನ್ನು ಉಮ್ಮನ ಬಳಿ ಬಿಟ್ಟು ಹೊರಟಾಗ ಕೆಲವರು ನಕ್ಕರು, "ಈ ವಯಸ್ಸಲ್ಲಿ ಹನಿಮೂನಾ?" ಎಂದು. ನಗಲಿ ಬಿಡಿ. ಹಳೆಯ ಕಾರೊಂದು, ಡಿಕ್ಕಿ ತುಂಬ ನೀರು, ಒಂದು ಫ್ಲಾಸ್ಕ್ ಸುಲೈಮಾನಿ. ಜುಬೈಲ್‌ನಿಂದ ರಿಯಾದ್, ಹಾಯಿಲ್, ಅಲ್ ಉಲಾ, ಕೊನೆಗೆ ಮದೀನಾ. ಎಂಟು ದಿನಗಳಲ್ಲಿ 3,000 ಕಿಲೋಮೀಟರ್ ದಾಟಿದೆವು.

ಮೊದಲ ದಿನ ಮಾತೇ ಹೊರಡಲಿಲ್ಲ. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿ ಅಭ್ಯಾಸವಾದ ನಮಗೆ ಪಕ್ಕದ ಸೀಟಿನಲ್ಲಿ ಕೂತು ಏನು ಹೇಳುವುದೆಂದು ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಮರಳು, ವಿದ್ಯುತ್ ಕಂಬ, ಬೇಲಿಯಾಚೆ ಒಂಟೆ. ಲುಹರ್ ಮತ್ತು ಅಸರ್ ಜಮಾ ಮಾಡಿ, ಪೆಟ್ರೋಲ್ ಬಂಕಿನ ಪಕ್ಕದ ಸಣ್ಣ ಮಸೀದಿಯಿಂದ ಹೊರಬಂದ ಮೇಲೆಯೇ ಮಾತು ಶುರುವಾಯಿತು. ಅದೂ ಊರಿನ ಮನೆಯ ಬಗ್ಗೆ.

ರಿಯಾದ್ ಪಟ್ಟಣದ ಬಗ್ಗೆ ಬರೆಯಲು ಹೆಚ್ಚೇನಿಲ್ಲ, ಎತ್ತರದ ಕಟ್ಟಡ, ಟ್ರಾಫಿಕ್. ಆದರೆ ಅಲ್ಲಿಂದ ಸುಮಾರು 100 ಕಿ.ಮೀ. ದೂರದಲ್ಲಿ ತುವೈಕ್ ಬೆಟ್ಟಸಾಲು ಒಮ್ಮೆಲೇ ಕಡಿದು ಬಿದ್ದಂತೆ ಮುಗಿಯುವ ಜಾಗವಿದೆ. 'ಜಗತ್ತಿನ ಅಂಚು' ಎಂದೇ ಅದರ ಹೆಸರು. ಕೊನೆಯ ದಾರಿ ಬರೀ ಕಲ್ಲು ಮಣ್ಣು, ನಮ್ಮ ಕಾರಿಗೆ ಆಗದು. ಸಂಬಂಧಿಕರೊಬ್ಬರ ಫೋರ್‌ವೀಲ್ ಗಾಡಿಯಲ್ಲಿ ಹೋದೆವು. ಕೆಳಗೆ ಕಣ್ಣು ಹಾಯುವಷ್ಟು ದೂರ ಒಣ ಬಯಲು. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತಂತೆ. ಕಡಲಜೀವಿಗಳ ಪಳೆಯುಳಿಕೆ ಈಗಲೂ ಸಿಗುತ್ತದೆ. ಕಡಲು ನೋಡುತ್ತಾ ಬೆಳೆದ ಕರಾವಳಿಯ ನಮಗೆ ಅದು ನೀರು ಇಳಿದುಹೋದ ಕಡಲಿನ ಹಾಗೆಯೇ ಕಂಡಿತು.

ಹಾಯಿಲ್ ನಾವು ಕಥೆಗಳಲ್ಲಿ ಕೇಳಿದ ಹಾತಿಂ ತಾಯಿಯ ನಾಡು. ಅಲ್ಲಿಂದ ಜುಬ್ಬಾಕ್ಕೆ ಹೋಗುವ ದಾರಿಯಲ್ಲಿ ನಫೂದ್ ಮರುಭೂಮಿಯ ಕೆಂಪು ಮರಳು. ಜುಬ್ಬಾದ ಬಂಡೆಗಳ ಮೇಲೆ ಸಾವಿರಾರು ವರ್ಷ ಹಿಂದಿನವರು ಕೆತ್ತಿದ ಮನುಷ್ಯರು, ಪ್ರಾಣಿಗಳಿವೆ. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಕಾರು ನಿಲ್ಲಿಸಿ ನಕ್ಷೆ ನೋಡುತ್ತಿದ್ದ ನಮ್ಮನ್ನು ಕಂಡ ಒಬ್ಬ ಅಜ್ಜ ಕರೆದು ಖಹ್ವಾ, ಖರ್ಜೂರ ಕೊಟ್ಟರು. ಹಣದ ಮಾತೆತ್ತಿದ್ದಕ್ಕೆ ಮುಖ ಸಪ್ಪೆ ಮಾಡಿದರು. ಹಾತಿಂನ ಊರಲ್ಲಿ ನಾವು ಹಾಗೆ ಕೇಳಬಾರದಿತ್ತು.

ನಮ್ಮ ನಡುವೆ ತಕರಾರು ಎದ್ದದ್ದು ಅಲ್ ಉಲಾದಲ್ಲಿ. ಅಲ್ಲಿನ ಆನೆಬಂಡೆ ನೋಡಿ ಇಬ್ಬರೂ ಖುಷಿಯಾದೆವು. 52 ಮೀಟರ್ ಎತ್ತರ, ಸೊಂಡಿಲು ನೆಲಕ್ಕೂರಿದ ಆನೆಯೇ! ಗಾಳಿ, ನೀರು ಕೆತ್ತಿದ್ದು. ಮರುದಿನ ಹಿಜ್ರ್, ಅಂದರೆ ಮದಾಯಿನ್ ಸಾಲಿಹ್. ಸಮೂದ್ ಜನಾಂಗದ ಮೇಲೆ ಶಿಕ್ಷೆ ಇಳಿದ ನಾಡು. ತಬೂಕ್‌ಗೆ ಹೋಗುವಾಗ ಪ್ರವಾದಿಯವರು (ಸ.ಅ.) ಈ ದಾರಿಯಲ್ಲಿ ಸಾಗುತ್ತಾ, ಅಳುತ್ತಾ ಹೊರತು ಒಳಹೋಗಬೇಡಿ ಎಂದು ಸಂಗಡಿಗರಿಗೆ ಹೇಳಿದ ಹದೀಸ್ ಇದೆ. ಉಮ್ಮ ಫೋನಿನಲ್ಲಿ, "ಮೋನೆ, ಅಲ್ಲಿ ನಿಲ್ಲಬೇಡ" ಎಂದರು. ನಮ್ಮವರು ಟಿಕೆಟ್ ಹೋದರೆ ಹೋಗಲಿ ಎಂದರು. "ಇಷ್ಟು ದೂರ ಬಂದು ಕೋಣೆಯಲ್ಲಿ ಕೂರುವುದಾ? ಪಾಠ ಕಲಿಯಲಿಕ್ಕಾದರೂ ನೋಡಬಾರದಾ?" ಎಂಬ ವಾದ ರಾತ್ರಿಯೆಲ್ಲ ನಡೆಯಿತು. ಹದಿನೆಂಟು ವರ್ಷಗಳಲ್ಲಿ ನಾವು ಎದುರೆದುರು ಕೂತು ಜಗಳವಾಡಿದ್ದು ಅದೇ ಮೊದಲು. ಫೋನಿನಲ್ಲಾದರೆ ಕಟ್ ಮಾಡಿ ಮಲಗಬಹುದಿತ್ತು.

ಕೊನೆಗೆ ಹೋದೆವು. ಫೋಟೋ ಬೇಡ, ತಿಂಡಿ ಬೇಡ ಎಂಬ ಒಪ್ಪಂದದ ಮೇಲೆ. ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಇಂದು ಕಾಣುವ ನೂರಕ್ಕೂ ಹೆಚ್ಚು ಸಮಾಧಿಗಳು ನಬತಿಯನ್ನರ ಕಾಲದವು, ಸುಮಾರು 2,000 ವರ್ಷ ಹಳೆಯವು ಎಂದು ಪುರಾತತ್ವದವರು ಹೇಳುತ್ತಾರೆ. 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಸೌದಿಯ ಮೊದಲ ತಾಣವಿದು.

ಒಂಟಿಯಾಗಿ ನಿಂತ ಒಂದೇ ಬಂಡೆಯಲ್ಲಿ ಕಡಿದ ಖಸ್ರ್ ಅಲ್ ಫರೀದ್ ಎದುರು ನಮ್ಮವರ ಕಾಲು ನಿಂತಿತು. ಅವರದು ಸ್ಕಾಫೋಲ್ಡಿಂಗ್ ಕೆಲಸ. "ನೋಡು, ಮೇಲಿಂದ ಕೆಳಗೆ ಕಡಿದದ್ದು. ನಮ್ಮ ಕೆಂಪುಕಲ್ಲಿನ ಕೋರೆಯ ಹಾಗೆ" ಎಂದರು. ನಿಜ. ಮೇಲ್ಭಾಗ ನುಣುಪಾಗಿದೆ, ಕೆಳಗೆ ಉಳಿಯ ಗುರುತುಗಳು ಹಾಗೇ ಉಳಿದಿವೆ. ಕೆಲಸ ಮುಗಿಸಲೇ ಇಲ್ಲ. ಅಷ್ಟು ಹಣ, ಅಷ್ಟು ಕೈಗಳಿದ್ದವರು! ಊರಿನ ನಮ್ಮ ಮನೆಯ ಮೇಲಿನ ಮಹಡಿ ಗಾರೆ ಕಾಣದೆ ಆರು ವರ್ಷವಾಯಿತು. ಅದು ಇಬ್ಬರಿಗೂ ನೆನಪಾಯಿತು, ಇಬ್ಬರೂ ಹೇಳಲಿಲ್ಲ. ಉಳಿದವರು ಇನ್ನೂ ನೋಡುತ್ತಿದ್ದಾಗಲೇ ನಾವು ಬಸ್ಸಿಗೆ ಮರಳಿದೆವು.

ಮದೀನಾಕ್ಕೆ 300 ಕಿ.ಮೀ.ಗೂ ಹೆಚ್ಚು. ಆ ದಾರಿಯಲ್ಲೇ ನಮ್ಮವರು, "ಮಹಡಿ ಹಾಗೇ ಇರಲಿ. ಮುಂದಿನ ವರ್ಷ ಊರಿಗೆ ಬಂದುಬಿಡಲಾ?" ಎಂದು ಕೇಳಿದರು. ಈ ಮಾತನ್ನು ಫೋನಿನಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಉತ್ತರ ಕೊಡುವ ಮೊದಲೇ ದೂರದಲ್ಲಿ ಮಸ್ಜಿದುನ್ನಬವಿಯ ಮಿನಾರಗಳ ಬೆಳಕು ಕಂಡಿತು. ಇಬ್ಬರೂ ಸಲಾತ್ ಹೇಳತೊಡಗಿದೆವು.

ವೀಸಾದಲ್ಲಿ ಇನ್ನು 11 ದಿನ ಉಳಿದಿದೆ. ಮಾತು ಮುಂದುವರಿಯುತ್ತಿದೆ.