ನಿಮಗಿದು ಗೊತ್ತೆ? ಭೂಮಿಗೆ ಕೊಡೆ ಹಿಡಿದ ಜ್ವಾಲಾಮುಖಿ!

1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಸುಮಾರು ಒಂದೂವರೆ ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಮಳೆಮೋಡಗಳಿಗೂ ಮೇಲಿನ ವಾಯುಪದರವಾದ ಸಮೋಷ್ಣ ಮಂಡಲಕ್ಕೆ ಚಿಮ್ಮಿತು. ಅಲ್ಲಿ ಅದು ನೀರಾವಿಯೊಡನೆ ಸೇರಿ ಗಂಧಕಾಮ್ಲದ ಸೂಕ್ಷ್ಮ ಹನಿಗಳಾಯಿತು. ಈ ಸಲ್ಫೇಟ್ ಕಣಗಳು ಬಿಸಿಲಿನ ಒಂದಂಶವನ್ನು ಬಾಹ್ಯಾಕಾಶಕ್ಕೇ ಹಿಂದಿರುಗಿಸಿದವು. ಪರಿಣಾಮ? ಮರುವರ್ಷ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು!

ಅಷ್ಟು ಎತ್ತರದಲ್ಲಿ ಮಳೆಯಿಲ್ಲ; ಹಾಗಾಗಿ ಕಣಗಳು ವರ್ಷಗಟ್ಟಲೆ ತೇಲುತ್ತವೆ.

ಕಲ್ಲಿದ್ದಲು, ಹಡಗಿನ ಎಣ್ಣೆ ಉರಿದಾಗಲೂ ಇವೇ ಕಣಗಳು ಹುಟ್ಟುತ್ತವೆ. ಆದರೆ ನೆಲದ ಸಮೀಪದ ಇವು ಕೆಲವೇ ದಿನಗಳಲ್ಲಿ ಮಳೆಯೊಡನೆ ಇಳಿಯುತ್ತವೆ, ಅದೂ ಆಮ್ಲ ಮಳೆಯಾಗಿ. ತಂಪೆಂದು ಹಿಗ್ಗುವಂತಿಲ್ಲ: ಶ್ವಾಸಕೋಶಕ್ಕೂ ಇವು ಕೆಡುಕು. ಅದಕ್ಕೇ 2020ರಿಂದ ಹಡಗು ಇಂಧನದ ಗಂಧಕದ ಮಿತಿಯನ್ನು ಜಾಗತಿಕವಾಗಿ ಶೇ. 3.5ರಿಂದ ಶೇ. 0.5ಕ್ಕೆ ಇಳಿಸಲಾಗಿದೆ.