ಗ್ರಾಮಸ್ಥರಿಂದಲೇ ಕಾಡಿನ ಅಳತೆ

ಬೆಟ್ಟದ ಮಗ್ಗುಲೊಂದನ್ನು ಪೂರ್ತಿಯಾಗಿ ಕಡಿದರೆ ಅದು ಉಪಗ್ರಹದ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣಬರುವುದು. ಆದರೆ ಸೌದೆಗಾಗಿ ಕೊಂಬೆಗಳನ್ನು ಸವರುವುದರಿಂದಲೂ, ಎಳೆಯ ಸಸಿಗಳನ್ನು ದನಕರುಗಳು ಮೇಯುವುದರಿಂದಲೂ, ಆಗೊಂದು ಈಗೊಂದು ಮರವನ್ನು ಉರುಳಿಸುವುದರಿಂದಲೂ ಉಂಟಾಗುವ ಕ್ಷಯವು ಅಷ್ಟು ಸುಲಭವಾಗಿ ಗೋಚರಿಸದು. ಇದನ್ನು ಮೊದಲು ಅರಿಯುವವರು ಕಾಡಿನ ಅಂಚಿನ ಜನರೇ. ಅಳತೆಯ ಕಾರ್ಯವನ್ನೂ ಅವರಿಗೇ ವಹಿಸಬಹುದೆಂಬುದನ್ನು ನೇಪಾಳದ ಅನುಭವವು ತೋರಿಸಿಕೊಟ್ಟಿದೆ.

ಆ ದೇಶದ 1993ನೆಯ ಇಸವಿಯ ಅರಣ್ಯ ಶಾಸನವು, ಕಾಡುಗಳ ಪಾಲನೆಯನ್ನು ಗ್ರಾಮಸ್ಥರ ಬಳಕೆದಾರ ಸಂಘಗಳಿಗೆ ಒಪ್ಪಿಸಲು ಅವಕಾಶ ಮಾಡಿಕೊಟ್ಟಿತು. 2009ರಿಂದ 2013ರವರೆಗೆ ದೋಲಖಾ, ಗೋರ್ಖಾ, ಚಿತವನ ಜಿಲ್ಲೆಗಳ ಮೂರು ಜಲಾನಯನ ಪ್ರದೇಶಗಳಲ್ಲಿ ಇಂತಹ ನೂರಕ್ಕೂ ಹೆಚ್ಚು ಸಂಘಗಳು, 10,000 ಹೆಕ್ಟೇರಿಗೂ ಮಿಗಿಲಾದ ಕಾಡಿನಲ್ಲಿರುವ ಇಂಗಾಲವನ್ನು ಲೆಕ್ಕ ಹಾಕುವ ಪ್ರಯೋಗದಲ್ಲಿ ತೊಡಗಿದುವು.

ಈ ಅಳತೆಯ ಕ್ರಮವು ಕಠಿಣವಾದುದಲ್ಲ. ಕಾಡಿನ ಅಲ್ಲಲ್ಲಿ ವೃತ್ತಾಕಾರದ ಶಾಶ್ವತ ತಾಕುಗಳನ್ನು ಗುರುತು ಮಾಡಿ, ಅವುಗಳೊಳಗಿನ ಮರಗಳ ದಪ್ಪವನ್ನು ನೆಲದಿಂದ 1.3 ಮೀಟರು, ಎಂದರೆ ಸುಮಾರು ಎದೆಯ ಎತ್ತರದಲ್ಲಿ, ಅಳೆಯತಕ್ಕದ್ದು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸವು ದೊರೆಯುವುದು, ಸುತ್ತು 94.2 ಸೆಂಟಿಮೀಟರು ಇದ್ದಲ್ಲಿ ವ್ಯಾಸವು 30 ಸೆಂಟಿಮೀಟರು. ಇದರಿಂದ ಗೊತ್ತಾದ ಸೂತ್ರಗಳ ಮೂಲಕ ಮರದ ಒಣತೂಕವನ್ನು ಅಂದಾಜು ಮಾಡುವರು. ಒಣತೂಕದ 100 ಪಾಲಿನಲ್ಲಿ ಇಂಗಾಲವು ಸುಮಾರು 47 ಪಾಲು. ಮರವು ಸುಟ್ಟರೆ ಅಥವಾ ಕೊಳೆತರೆ, ಅದರಲ್ಲಿನ ಪ್ರತಿ 12 ಪಾಲು ಇಂಗಾಲವು 44 ಪಾಲು ಇಂಗಾಲಾಮ್ಲವಾಯುವಾಗಿ ವಾತಾವರಣವನ್ನು ಸೇರಬಲ್ಲದು.

ಅಳತೆಗಿಂತಲೂ ಸೂಕ್ಷ್ಮವಾದುದು ಪ್ರತಿಫಲದ ಹಂಚಿಕೆ. ಕಾಡನ್ನು ಬೆಳೆಯಗೊಡುವುದಕ್ಕಾಗಿ ಸೌದೆ ಹುಲ್ಲುಗಳನ್ನು ಮಿತಗೊಳಿಸಿದಾಗ ಮೊದಲು ತೊಂದರೆಗೊಳಗಾಗುವವರು ಸ್ವಂತ ಭೂಮಿಯಿಲ್ಲದ ಬಡವರು. ಇಂಗಾಲದ ತೂಕವೊಂದನ್ನೇ ನೋಡಿ ಹಣ ಕೊಟ್ಟರೆ ಅವರ ತ್ಯಾಗವು ಲೆಕ್ಕಕ್ಕೇ ಬಾರದು. ಆದಕಾರಣ 2011ರಲ್ಲಿ ಸಂಘಗಳಿಗೆ ಮೊದಲಿಗೆ ಹಣ ಸಂದಾಯ ಮಾಡುವಾಗ, ಇಂಗಾಲದ ಜೊತೆಗೆ ಆಯಾ ಸಂಘದಲ್ಲಿನ ಬಡ ಕುಟುಂಬಗಳು, ದಲಿತರು, ಆದಿವಾಸಿಗಳು ಮತ್ತು ಸ್ತ್ರೀಯರ ಪ್ರಮಾಣವನ್ನೂ ಗಣನೆಗೆ ತೆಗೆದುಕೊಳ್ಳಲಾಯಿತು.

ಇಂತಹ ಕಾರ್ಯವನ್ನು ಕೈಗೊಳ್ಳುವವರು ಕೆಲವು ವಿಷಯಗಳಲ್ಲಿ ಎಚ್ಚರಿಕೆಯಿಂದಿರಬೇಕು. ಪ್ರತಿಸಲವೂ ಅದೇ ತಾಕಿನಲ್ಲಿ, ಅದೇ ಎತ್ತರದಲ್ಲಿ, ಅದೇ ಋತುವಿನಲ್ಲಿ ಅಳೆಯತಕ್ಕದ್ದು. ಕೆಲವು ತಾಕುಗಳನ್ನು ತಜ್ಞರಿಂದ ಮರಳಿ ಅಳೆಯಿಸಿ ತಾಳೆ ನೋಡತಕ್ಕದ್ದು. ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ತಿಳಿಯುವಂತೆ ಓದಿಹೇಳತಕ್ಕದ್ದು. ತಮ್ಮ ಕೈಯಿಂದಲೇ ಅಳೆದು ಬರೆದ ಲೆಕ್ಕದಲ್ಲಿ ಜನರಿಗೆ ನಂಬಿಕೆ ಹುಟ್ಟುವುದು. ಮುಂದಿನ ವರ್ಷ ಆ ಅಂಕಿಯು ಇಳಿದರೆ, ಕಾರಣವೇನೆಂದು ವಿಚಾರಿಸಲು ಅವರೇ ಮೊದಲು ಮುಂದೆ ಬರುವರು.