ಬಿಸಿನೀರ ಬುಗ್ಗೆಗೆ ಸರ್ಕಾರ ದುಡ್ಡು ಕೊಟ್ಟಿದ್ದೇಕೆ?

1966ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ಶಿಷ್ಯ ಹಡ್ಸನ್ ಫ್ರೀಜ್ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರ ಬುಗ್ಗೆಗಳಲ್ಲಿ ಜೀವಿಗಳನ್ನು ಹುಡುಕುತ್ತಿದ್ದರು. ಅಷ್ಟು ಶಾಖದಲ್ಲಿ ಬ್ಯಾಕ್ಟೀರಿಯಾ ಬಾಳುವುದುಂಟೆ? ಅವರ ಪ್ರಶ್ನೆ ಇಷ್ಟೇ. 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಯಾಗಿ ಬೆಳೆಯುವ ಒಂದು ಜೀವಿ ಸಿಕ್ಕಿತು. ಥರ್ಮಸ್ ಅಕ್ವಾಟಿಕಸ್ ಎಂಬ ಹೆಸರಿನಲ್ಲಿ 1969ರಲ್ಲಿ ಅದರ ವಿವರ ಪ್ರಕಟವಾಯಿತು. ಅದರ ಮಾದರಿಯೊಂದನ್ನು ಇತರ ವಿಜ್ಞಾನಿಗಳೂ ತರಿಸಿಕೊಳ್ಳಬಹುದಾದ ಸಂಗ್ರಹಾಲಯಕ್ಕೆ ಕೊಟ್ಟು ಅವರು ಮುಂದಿನ ಕೆಲಸಕ್ಕೆ ಹೋದರು.

1983ರಲ್ಲಿ ಜೀವರಸಾಯನ ವಿಜ್ಞಾನಿ ಕ್ಯಾರಿ ಮುಲ್ಲಿಸ್‌ಗೆ ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡುವ ಪಿಸಿಆರ್ ವಿಧಾನ ಹೊಳೆಯಿತು. ಅದರಲ್ಲೊಂದು ತೊಡಕಿತ್ತು. ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸಲು ಪ್ರತಿ ಸುತ್ತಿನಲ್ಲೂ ಸುಮಾರು 95 ಡಿಗ್ರಿಗೆ ಕಾಯಿಸಬೇಕು. ನಕಲು ಮಾಡುವ ಕಿಣ್ವ ಆ ಕಾವಿಗೆ ಹಾಳಾಗುತ್ತಿತ್ತು, ಸುತ್ತು ಸುತ್ತಿಗೂ ಹೊಸದನ್ನು ಹಾಕಬೇಕಾಗುತ್ತಿತ್ತು. ಯೆಲ್ಲೋಸ್ಟೋನ್ ಬ್ಯಾಕ್ಟೀರಿಯಾದ ಕಿಣ್ವ ಆ ಕಾವನ್ನು ತಡೆದುಕೊಂಡಿತು. ಮುಲ್ಲಿಸ್ 1993ರಲ್ಲಿ ನೊಬೆಲ್ ಪಡೆದರು. ಕೋವಿಡ್ ಕಾಲದಲ್ಲಿ ನಮ್ಮ ಮೂಗಿನಿಂದ ತೆಗೆದ ದ್ರವದಲ್ಲಿ ವೈರಸ್ ಇದೆಯೋ ಇಲ್ಲವೋ ಎಂದು ಹೇಳಿದ್ದೂ ಆ ಕಿಣ್ವ ಅಥವಾ ಅದರ ಬಳಗದವೇ.

ಬ್ರಾಕ್ ಅವರ ಹುಡುಕಾಟಕ್ಕೆ ಹಣ ಕೊಟ್ಟದ್ದು ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಷನ್, ಚಿಕ್ಕದಾಗಿ ಎನ್‌ಎಸ್‌ಎಫ್. ಪಿಸಿಆರ್ ಎಂಬುದೇ ಇಲ್ಲದಿದ್ದ ಕಾಲದ ಅರ್ಜಿಯಲ್ಲಿ ಅದರ ಸುಳಿವಿರಲು ಸಾಧ್ಯವೇ ಇರಲಿಲ್ಲ. ಹಾಗಿದ್ದರೆ ಇಂಥ ಸಂಸ್ಥೆ ಯಾವ ಆಧಾರದ ಮೇಲೆ ದುಡ್ಡು ಕೊಡುತ್ತದೆ?

ಎನ್‌ಎಸ್‌ಎಫ್‌ಗೆ ತನ್ನದೇ ಆದ ಪ್ರಯೋಗಾಲಯಗಳಿಲ್ಲ. ಅದರ ಮುಖ್ಯ ಕಸುಬು ಅರ್ಜಿ ಓದುವುದು. ಈಚಿನ ವರ್ಷಗಳಲ್ಲಿ ಸುಮಾರು 900 ಕೋಟಿ ಡಾಲರ್‌ಗಳ ವಾರ್ಷಿಕ ಬಜೆಟ್ಟಿಗೆ ಸುಮಾರು 40,000 ಅರ್ಜಿಗಳು ಬಂದು, ನಾಲ್ಕರಲ್ಲಿ ಒಂದಕ್ಕೆ ಹಣ ಸಿಗುತ್ತಿತ್ತು. ಏನು ಮಾಡುತ್ತೇನೆ, ಹೇಗೆ ಎಂಬುದನ್ನು ವಿಜ್ಞಾನಿ ಸಾಮಾನ್ಯವಾಗಿ ಹದಿನೈದು ಪುಟಗಳೊಳಗೆ ಹೇಳಿ ಮುಗಿಸಬೇಕು. ಜೊತೆಗೆ ಕೊಡುವ ಖರ್ಚಿನ ಪಟ್ಟಿಯಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳ ವೇತನವೇ ಎಷ್ಟೋ ಸಲ ದೊಡ್ಡ ಬಾಬ್ತು. ಹಣ ಮಂಜೂರಾಗುವುದು ವಿಜ್ಞಾನಿಯ ಹೆಸರಿಗಲ್ಲ, ವಿಶ್ವವಿದ್ಯಾಲಯಕ್ಕೆ. ಕಟ್ಟಡ, ವಿದ್ಯುತ್ತು, ಲೆಕ್ಕಪತ್ರಗಳಿಗೆಂದು ಅದೂ ಒಂದು ಪಾಲು ತೆಗೆದುಕೊಳ್ಳುತ್ತದೆ.

ಅರ್ಜಿ ಮೊದಲು ಹೋಗುವುದು ಸಂಸ್ಥೆಯ ಹೊರಗಿನ, ಅದೇ ಕ್ಷೇತ್ರದ ತಜ್ಞರ ಮುಂದೆ. ಅವರು ತೂಗಿನೋಡುವುದು ಎರಡು ಸಂಗತಿ: ಇದರಿಂದ ತಿಳಿವಳಿಕೆ ಎಷ್ಟು ಮುಂದೆ ಹೋಗುತ್ತದೆ, ಸಮಾಜಕ್ಕೆ ಏನು ಸಿಗುತ್ತದೆ. ‘ಅತ್ಯುತ್ತಮ’ದಿಂದ ‘ಕಳಪೆ’ಯವರೆಗೆ ಐದು ದರ್ಜೆಗಳಲ್ಲಿ ಒಂದನ್ನು ಕೊಟ್ಟು ಷರಾ ಬರೆಯುತ್ತಾರೆ. ಅರ್ಜಿ ತಿರಸ್ಕೃತವಾದರೂ ಆ ಷರಾಗಳು ಅರ್ಜಿದಾರರ ಕೈಸೇರುತ್ತವೆ, ಬರೆದವರ ಹೆಸರೊಂದು ಬಿಟ್ಟು. ಈ ಕೊನೆಯ ಪದ್ಧತಿ ಅನುದಾನ ಹಂಚುವ ಎಲ್ಲ ಕಚೇರಿಗಳಿಗೂ ಬರಬೇಕು. ಯಾಕೆ ಸಿಗಲಿಲ್ಲ ಎಂದು ತಿಳಿಯದೆ ಮುಂದಿನ ಅರ್ಜಿ ತಿದ್ದುವುದಾದರೂ ಹೇಗೆ?

ತಜ್ಞರು ಕೊಡುವುದು ಸಲಹೆ ಮಾತ್ರ. ಯಾರಿಗೆ ಹಣ ಎಂದು ಶಿಫಾರಸು ಮಾಡುವುದು ಪ್ರೋಗ್ರಾಂ ಆಫೀಸರ್. ಇವರೂ ವಿಜ್ಞಾನಿಗಳೇ; ಕೆಲವರು ವಿಶ್ವವಿದ್ಯಾಲಯದಿಂದ ಎರಡು ಮೂರು ವರ್ಷದ ಮಟ್ಟಿಗೆ ಬಂದು ಹೋಗುವವರು. ಇಡೀ ವ್ಯವಸ್ಥೆಯ ಜೀವ ಈ ಕುರ್ಚಿಯಲ್ಲಿದೆ ಎಂಬುದು ನನ್ನ ಅನಿಸಿಕೆ. ತಜ್ಞರ ಸಮಿತಿಗೆ ಜೊಳ್ಳನ್ನು ತೂರುವುದು ಚೆನ್ನಾಗಿ ಗೊತ್ತು. ಆದರೆ ನಾಲ್ಕು ಜನ ಕೂತು ಒಮ್ಮತಕ್ಕೆ ಬರುವಾಗ, ಗೆದ್ದೇ ಗೆಲ್ಲುವ ಸಣ್ಣ ಯೋಜನೆಗೆ ಅಂಕ ಹೆಚ್ಚಿ, ಸೋಲಬಹುದಾದ ದೊಡ್ಡ ಯೋಚನೆ ಹಿಂದೆ ಬೀಳುತ್ತದೆ. ಅಂಕಪಟ್ಟಿಯನ್ನು ದಾಟಿ ನೋಡುವ ಅಧಿಕಾರ ಆಫೀಸರ್‌ಗಿದೆ. ಹೊರಗಿನ ತಜ್ಞರನ್ನು ಕೇಳದೆಯೇ ಸಣ್ಣ ಅನುದಾನವೊಂದನ್ನು ಕೊಟ್ಟು ನೋಡಲೂ ಅವಕಾಶವಿದೆ.

ರಿಚರ್ಡ್ ಐಸಾಕ್ಸನ್ ಅಂಥ ಒಬ್ಬ ಅಧಿಕಾರಿ. ಗುರುತ್ವ ಅಲೆಗಳ ಸಿದ್ಧಾಂತದ ಮೇಲೆ ಕೆಲಸ ಮಾಡಿದ್ದ ಅವರು, ಎನ್‌ಎಸ್‌ಎಫ್ ಸೇರಿದ ಮೇಲೆ ಆ ಅಲೆಗಳನ್ನು ಹಿಡಿಯುವ ಲೈಗೋ ವೀಕ್ಷಣಾಲಯದ ಯೋಜನೆಯ ಬೆನ್ನಿಗೆ ದಶಕಗಳ ಕಾಲ ನಿಂತರು. ತಮ್ಮ ಕ್ಷೇತ್ರದ ಹಣವೆಲ್ಲ ಇದಕ್ಕೇ ಹರಿದೀತೆಂದು ಹಲವು ಖಗೋಳವಿಜ್ಞಾನಿಗಳೇ ಅದನ್ನು ವಿರೋಧಿಸಿದ್ದರು. 2002ರಿಂದ 2010ರವರೆಗೆ ಯಂತ್ರ ಕಿವಿಗೊಟ್ಟು ಕೂತರೂ ಒಂದು ಅಲೆಯೂ ಸಿಗಲಿಲ್ಲ. ಆದರೂ ಉಪಕರಣವನ್ನು ಇನ್ನಷ್ಟು ಸೂಕ್ಷ್ಮಗೊಳಿಸಲು ಹಣ ಬಂತು. 2015ರ ಸೆಪ್ಟೆಂಬರ್ 14ರಂದು ಮೊದಲ ಅಲೆ ದಾಖಲಾಯಿತು, 2017ರಲ್ಲಿ ಮೂವರಿಗೆ ನೊಬೆಲ್ ಬಂತು. ಆ ವೀಕ್ಷಣಾಲಯದ ಭಾರತೀಯ ಸೋದರನಿಗೆ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಜಾಗ ಗೊತ್ತಾಗಿದೆ.

ತೆರಿಗೆ ಹಣ ಎಂದಮೇಲೆ ಲೇವಡಿಯೂ ಇದ್ದದ್ದೇ. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ದುಂದುವೆಚ್ಚಕ್ಕೆಂದೇ ಹುಟ್ಟುಹಾಕಿದ ‘ಗೋಲ್ಡನ್ ಫ್ಲೀಸ್’ ಎಂಬ ಅಣಕು ಪ್ರಶಸ್ತಿಯ ಮೊದಲ ಮಾಲೆ ಬಿದ್ದದ್ದು ಎನ್‌ಎಸ್‌ಎಫ್ ಕೊರಳಿಗೆ. ಜನ ಪ್ರೀತಿಯಲ್ಲಿ ಬೀಳುವುದೇಕೆ ಎಂಬ ಅಧ್ಯಯನಕ್ಕೆ 84,000 ಡಾಲರ್ ಕೊಟ್ಟ ತಪ್ಪಿಗೆ, 1975ರಲ್ಲಿ. ಬಹಳ ತಡವಾಗಿ, 2012ರಲ್ಲಿ, ಅದಕ್ಕೆ ಎದುರಾಗಿ ‘ಗೋಲ್ಡನ್ ಗೂಸ್’ ಪ್ರಶಸ್ತಿ ಹುಟ್ಟಿತು. ಮರುವರ್ಷವೇ ಬ್ರಾಕ್ ಮತ್ತು ಫ್ರೀಜ್ ಅದನ್ನು ಪಡೆದರು.

ಹಣ ಜನರದ್ದು, ಆಯ್ಕೆ ಮಾತ್ರ ವಿಜ್ಞಾನಿಗಳದ್ದು ಎಂಬ ಏರ್ಪಾಡಿಗೆ ಜಗಳ ಹುಟ್ಟಿನಿಂದಲೇ ಅಂಟಿದೆ. ಮೂಲವಿಜ್ಞಾನಕ್ಕೆ ಸರ್ಕಾರವೇ ಹಣ ಕೊಡಬೇಕೆಂದು ಎಂಜಿನಿಯರ್ ವನೆವರ್ ಬುಷ್ ವರದಿ ಕೊಟ್ಟದ್ದು 1945ರಲ್ಲಿ. ಜನರಿಗೆ ಉತ್ತರ ಹೇಳಬೇಕಿಲ್ಲದವರ ಕೈಗೆ ಬೊಕ್ಕಸ ಕೊಡಲಾರೆ ಎಂಬ ಕಾರಣಕ್ಕೆ ಅಧ್ಯಕ್ಷ ಟ್ರೂಮನ್ ಎನ್‌ಎಸ್‌ಎಫ್ ಸ್ಥಾಪಿಸುವ 1947ರ ಮಸೂದೆಯನ್ನು ತಿರಸ್ಕರಿಸಿದರು. ನಿರ್ದೇಶಕರನ್ನು ಅಧ್ಯಕ್ಷರೇ ನೇಮಿಸುವಂತೆ ಮಾಡಿದ ಮೇಲೆ, 1950ರಲ್ಲಿ ಸಹಿ ಬಿತ್ತು. 2025ರಲ್ಲಿ ಆ ಹಿಡಿತ ಬಿಗಿಯಾಯಿತು: ಮಂಜೂರಾಗಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳು ರದ್ದಾದವು, ಬಜೆಟ್ಟನ್ನು ಅರ್ಧಕ್ಕಿಂತ ಕೆಳಗಿಳಿಸುವ ಪ್ರಸ್ತಾವವನ್ನು ಶ್ವೇತಭವನ ಮುಂದಿಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿದ್ದ ನಿರ್ದೇಶಕ ಸೇತುರಾಮನ್ ಪಂಚನಾಥನ್ ಆ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು.

ನಮ್ಮಲ್ಲಿ 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್‌ನ ಆಡಳಿತ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂಬ ಅಂದಾಜಿನಲ್ಲಿ ಹೆಚ್ಚಿನ ಪಾಲು ಸರ್ಕಾರದ ಹೊರಗಿನಿಂದ ಬರಬೇಕಿದೆ. ಉದ್ದಿಮೆಯ ಹಣ ಬ್ಯಾಟರಿಗೆ, ಔಷಧಕ್ಕೆ, ಚಿಪ್‌ಗೆ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಬುಗ್ಗೆಯ ಬ್ಯಾಕ್ಟೀರಿಯಾ ಹುಡುಕುತ್ತೇನೆ ಎನ್ನುವವರಿಗೆ ಉಳಿಯುವುದು ಬೊಕ್ಕಸದ ಪಾಲೊಂದೇ. ಅದನ್ನೂ ಉದ್ದಿಮೆ ಕೇಳುವ ವಿಷಯಗಳಿಗೇ ಜೋಡಿಸಿಬಿಟ್ಟರೆ ಅವರ ಅರ್ಜಿ ಓದುವವರು ಯಾರೂ ಇರುವುದಿಲ್ಲ.